ಬಯಕೆಯ ರಾಜಧಾನಿ

ಬಸುರಿ ಹೆಂಗಸು ಗಂಡನ ಮುಂದೆ ತಿರುಗಾಟದ ಆಸೆ ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಬಹಳ ಹಳೆಯ ಮೇಲ್ಪಂಕ್ತಿಯೊಂದಿದೆ. ಆದರೆ ಅದು ಧೈರ್ಯ ತುಂಬುವಂಥದ್ದಲ್ಲ. ಸೀತೆ ಕೇಳಿದ್ದು ಹೆಚ್ಚೇನೂ ಇರಲಿಲ್ಲ. ಗಂಗೆಯ ದಂಡೆಯ ಋಷ್ಯಾಶ್ರಮಗಳನ್ನು ಇನ್ನೊಮ್ಮೆ ನೋಡಬೇಕು, ಒಂದು ರಾತ್ರಿ ಅಲ್ಲಿದ್ದು ಬರಬೇಕು, ಅಷ್ಟೆ. ರಾಮ ಆಗಲಿ ಅಂದ. ರಥ ಬಂತು, ಲಕ್ಷ್ಮಣ ಬಂದ, ರಾಮ ಮಾತ್ರ ಬರಲಿಲ್ಲ. ಮುಂದಿನ ಕತೆಯನ್ನು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಓದಿಸಿ ಕೇಳಿ ನಮ್ಮ ಅಜ್ಜಿಯ ಕಾಲದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಅತ್ತವಳಲ್ಲ, ವ್ಯವಹಾರಸ್ಥೆ. ಆ ಕತೆಯಿಂದ ಎರಡೇ ಪಾಠ ಕಲಿತೆ. ಬಸುರಿಯಾದಾಗ ಕಾಡು ತೋರಿಸು ಎಂದು ಕೇಳಬಾರದು. ಮತ್ತು ಗಾಡಿ ಗಂಡನೇ ಹೊಡೆಯಬೇಕು.

ಮೊದಲನೆಯ ಪಾಠ ಪಾಲಿಸುವುದು ನನಗೆ ಕಷ್ಟವಾಗಲಿಲ್ಲ. ನಾನು ಲಗ್ನವಾಗಿ ಬಂದದ್ದು ರಾಮನಗರಕ್ಕೆ. ಬೆಂಗಳೂರಿನ ಮಗ್ಗುಲಿನ, ರೇಷ್ಮೆಗೂಡಿನ ರಾಮನಗರವಲ್ಲ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯಲ್ಲಿ ಲೋಂಡಾ ದಾಟಿದ ಮೇಲೆ, ಅನಮೋಡ ಘಟ್ಟ ಇಳಿಯುವುದಕ್ಕೆ ಮೊದಲು ಸಿಗುವ ಜೊಯಿಡಾ ತಾಲೂಕಿನ ರಾಮನಗರ. ನಾಲ್ಕೂ ದಿಕ್ಕಿಗೆ ಕಾಡೇ. ಇಲ್ಲಿನ ಬಸುರಿಗೆ ಅಡವಿಯ ಬಯಕೆ ಹುಟ್ಟಿದರೆ ಕಿಟಕಿ ತೆಗೆದರೆ ತೀರಿತು. ನನಗೆ ಹುಟ್ಟಿದ್ದು ಊರಿನ ಬಯಕೆ. ಅದೂ ಹಳೆಯ ಊರಿನದು.

ಬಯಕೆ ಎಂದರೆ ತಿನ್ನುವುದು ಎಂದೇ ಎಲ್ಲರ ಲೆಕ್ಕ. ಹುಣಸೆಕಾಯಿ, ಮಾವಿನ ಮಿಡಿ, ಗೋಡೆಯ ಸುಣ್ಣ, ಮಳೆ ಬಿದ್ದ ಮಣ್ಣು. ಮಣ್ಣಿನ ಬಯಕೆಗಂತೂ ರಾಜಮನೆತನದ ಸಾಕ್ಷಿಯೇ ಇದೆ: ರಘುವಂಶದ ಸುದಕ್ಷಿಣೆ ರಾಣಿಯಾಗಿದ್ದೂ ಮಣ್ಣು ತಿಂದಳು, ದಿಲೀಪ ಮಹಾರಾಜ ಅವಳ ಬಾಯಿಯ ಮಣ್ಣಿನ ಕಂಪನ್ನು ಮೂಸಿ ಸಂತೋಷಪಟ್ಟ. ನಮ್ಮ ಅತ್ತೆಯೂ ಇಂಥದೇ ಏನನ್ನೋ ನಿರೀಕ್ಷಿಸಿದ್ದರು. "ಏನ ತಿನ್ಬೇಕ ಅನಸ್ತದ ಹೇಳವಾ" ಎಂದು ತಮ್ಮ ಕೊಂಕಣಿ ಬೆರೆತ ಕನ್ನಡದಲ್ಲಿ ಕೇಳಿದರು. ಕೋಕಮ್ಮಿನ ಸಾರು, ಗೆಣಸಿನ ಹೋಳಿಗೆ, ಕೆಸುವಿನ ಗಡ್ಡೆಯ ಪಲ್ಯ, ಎಲ್ಲಕ್ಕೂ ಸಿದ್ಧರಾಗಿದ್ದರು. ಸಾವಿರ ವರ್ಷದ ಹಿಂದಿನ ಊರೊಂದನ್ನು ನೋಡಬೇಕು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಹ್ಯಾಂಗ ಮಾಡೋದು?" ಎಂದರು.

ಹಳೆಯ ಊರಿನ ಹಸಿವು ನನ್ನಂಥ ಧಾರವಾಡದವಳಿಗೆ ಧಾರವಾಡದಲ್ಲಿ ಹುಟ್ಟುವುದಿಲ್ಲ. ಅಲ್ಲಿ ಪೇಟೆಗೆ ತರಕಾರಿಗೆ ಹೋಗಿ ಬರುವಷ್ಟರಲ್ಲಿ ಇತಿಹಾಸ ಕಾಲಿಗೆ ತೊಡರುತ್ತದೆ. ವಿದ್ಯಾವರ್ಧಕ ಸಂಘವೇ 1890ರದು. ರಾಮನಗರದಲ್ಲಿ ಹಾಗಲ್ಲ. ಇಲ್ಲಿ ನಮ್ಮ ಮನೆಯ ಸಾಮಾನು ಊರಿಗಿಂತ ಹಳೆಯದು. ಹಿತ್ತಾಳೆಯ ಹಂಡೆ, ಒರಳು, ದೇವರ ಮಣೆ, ಅತ್ತೆ: ಇವು ನಾಲ್ಕೂ ಸೂಪಾದಿಂದ ಬಂದವು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ತಾಲೂಕಿನ ಊರಿತ್ತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 1987ಕ್ಕೆ ಕೆಲಸ ಮುಗಿಯಿತು, ಸಂಗಮ, ಸಂತೆ, ಕಚೇರಿ, ಗುಡಿ ಎಲ್ಲ ನೀರಿನಡಿ ಹೋದವು. ತಾಲೂಕಿನ ಕಚೇರಿ ಜೊಯಿಡಾಕ್ಕೆ ಹೋಯಿತು, ಮನೆ ಕಳೆದುಕೊಂಡವರು ರಾಮನಗರಕ್ಕೆ ಬಂದರು. ಅತ್ತೆ ಇಂದಿಗೂ ಕರೆಂಟು ಹೋದಾಗ ಕತ್ತಲಲ್ಲೇ ಕುಳಿತು ಸಿಟ್ಟಾಗುತ್ತಾರೆ. ಊರು ಮುಳುಗಿಸಿ ತೆಗೆದ ಕರೆಂಟು ಊರು ಕೊಟ್ಟವರ ಮನೆಯಲ್ಲೇ ನಿಲ್ಲದಿದ್ದರೆ ಹೇಗೆ ಎಂಬುದು ಅವರ ವಾದ. ಇದಕ್ಕೆ ಉತ್ತರ ಹೇಳಬಲ್ಲ ಲೈನ್‌ಮನ್ ಇನ್ನೂ ಹುಟ್ಟಿಲ್ಲ.

ನನ್ನ ಗಂಡ ಹುಟ್ಟಿದ್ದು ಇಲ್ಲೇ. ಅಂದರೆ ಮುಳುಗಿದ ಊರನ್ನು ಕಾಣದ ಮೊದಲ ತಲೆಮಾರು. ಅವನ ಅಪ್ಪ ಆಡಿದ ಅಂಗಳ ಎಲ್ಲಿ ಎಂದರೆ ಅವನು ಹಿನ್ನೀರಿನತ್ತ ಕೈ ತೋರಿಸಬೇಕು. ಹೊಟ್ಟೆಯಲ್ಲಿರುವುದಕ್ಕೆ ಅಷ್ಟೂ ಗೊತ್ತಿರುವುದಿಲ್ಲ. ಹಳೆಯದೊಂದನ್ನು ಮುಟ್ಟಿ ಬರಬೇಕು ಎಂಬ ನನ್ನ ಬಯಕೆಯ ಬೇರು ಇಲ್ಲಿತ್ತೇನೋ. ಗಂಡನಿಗೆ ಮಾತ್ರ ಇದು ಸರಳವಾಗಿ ಕಂಡಿತು. ಈಗಿನವರು ಇದನ್ನು ಬೇಬಿಮೂನ್ ಅನ್ನುತ್ತಾರೆ, ಗೋವಾಕ್ಕೆ ಹೋಗೋಣ ಅಂದ. ರಾಮನಗರದವರಿಗೆ ಎಲ್ಲ ಪ್ರಶ್ನೆಗೂ ಗೋವಾ ಉತ್ತರ. ಮನೆ ಮುಂದಿನ ರಸ್ತೆಯಲ್ಲಿ ದೇಶವೆಲ್ಲ ಅತ್ತ ಹೋಗುವುದನ್ನು ನೋಡಿ ನೋಡಿ, ನಾವೂ ಹೋಗದಿದ್ದರೆ ತಪ್ಪಾದೀತು ಎಂಬ ಭಾವನೆ ಬಂದುಬಿಡುತ್ತದೆ. ಕದಂಬರ ಊರಿಗೆ ಹೋಗೋಣ ಅಂದೆ ನಾನು. "ಅದಽ ಅಲ್ಲ ನಾನೂ ಹೇಳಿದ್ದು? ಕದಂಬಾದಾಗ ಕೂತ್ರ ಸೀದಾ ಪಣಜಿ!" ಎಂದ.

ಅವನನ್ನು ಅನ್ನುವಂತಿಲ್ಲ. ಗೋವಾ ಸರಕಾರದ ಬಸ್ಸುಗಳ ಹೆಸರೇ ಕದಂಬ. ಬನವಾಸಿಯಲ್ಲಿ ಮಯೂರವರ್ಮನಿಂದ ಮೊದಲಾಗಿ, ಮುಂದೆ ಗೋವೆಯಲ್ಲೊಂದು ಕವಲೊಡೆದು, ನೂರಾರು ವರ್ಷ ಆಳಿದ ವಂಶ ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಹಾರನ್ ಹೊಡೆಯುತ್ತ ನಿಲ್ಲುತ್ತದೆ, ಇಬ್ಬರನ್ನು ಇಳಿಸಿ ನಾಲ್ವರನ್ನು ಹತ್ತಿಸಿಕೊಂಡು ಘಟ್ಟ ಇಳಿಯುತ್ತದೆ. ಜಿಲ್ಲೆಯ ಇನ್ನೊಂದು ತುದಿಯ ಕಾರವಾರದಲ್ಲಿ ನೌಕಾನೆಲೆಗೂ ಅದೇ ಹೆಸರು. ನೆಲದ ಮೇಲೂ ನೀರಿನ ಮೇಲೂ ಕದಂಬರ ಸಂಚಾರ ನಿಂತೇ ಇಲ್ಲ. ಆದರೆ ಅವರು ಎಲ್ಲಿಂದ ಹೊರಟರು ಎಂದು ಯಾರೂ ಕೇಳುವುದಿಲ್ಲ. ಬನವಾಸಿ ಒಂದು ರಾಜಧಾನಿ, ಸರಿ. ಉತ್ತರಕ್ಕೆ ಅವರಿಗೆ ಇನ್ನೊಂದಿತ್ತು: ಪಲಾಶಿಕೆ. ಅದು ಈಗಿನ ಹಲಸಿ, ಖಾನಾಪುರ ತಾಲೂಕಿನ ಒಂದು ಹಳ್ಳಿ. ನಮ್ಮಿಂದ ಮುಂಜಾನೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲು ಮುಟ್ಟಬಹುದಾದ ರಾಜಧಾನಿ.

ವೈದ್ಯರು ಅಡ್ಡಿ ಮಾಡಲಿಲ್ಲ. ಐದು ತುಂಬಿತ್ತು; ವಾಂತಿ ಮುಗಿದು ಭಾರ ಇನ್ನೂ ಶುರುವಾಗದ ಸುಖದ ನಡುಗಾಲ ಅದು. ನೀರು ಕುಡಿಯುತ್ತ ಇರಬೇಕು, ಗಾಡಿ ಆಗಾಗ ನಿಲ್ಲಿಸಿ ಇಳಿದು ನಡೆಯಬೇಕು, ಬೆಲ್ಟನ್ನು ಹೊಟ್ಟೆಯ ಮೇಲೆ ಬಿಗಿಯದೆ ಕೆಳಗೆ ಕಟ್ಟಬೇಕು ಎಂದರು. ಅಡ್ಡಿ ಬಂದದ್ದು ಶಾಸ್ತ್ರದಿಂದ. ಬಸುರಿಗೆ ಇರುವ ಬೇಡಗಳು ಎಲ್ಲರಿಗೂ ಗೊತ್ತು. ಬಸುರಿಯ ಗಂಡನಿಗೂ ಒಂದು ಪಟ್ಟಿಯಿದೆ: ಕ್ಷೌರ ಕೂಡದು, ಸಮುದ್ರಸ್ನಾನ ಕೂಡದು, ಹೆಣ ಹೊರಕೂಡದು, ತೀರ್ಥಯಾತ್ರೆ ಕೂಡದು. ಅತ್ತೆ ಇದನ್ನು ನೆನಪಿಸಿದಾಗ ಗೋವಾದ ಸಮುದ್ರ ತಾನಾಗಿಯೇ ಪಟ್ಟಿಯಿಂದ ಹೊರಬಿತ್ತು. ಹಲಸಿಯಲ್ಲಿ ಗುಡಿಯಿದೆ, ಅದು ಯಾತ್ರೆಯಾಗುವುದಿಲ್ಲವೇ ಎಂಬ ಚರ್ಚೆ ಬಂತು. ಕಾಯಿ ಒಡೆಸದೆ, ಹರಕೆ ಹೊರದೆ, ಬರೇ ನೋಡಿ ಬಂದರೆ ಅದು ಯಾತ್ರೆಯಲ್ಲ, ಪ್ರವಾಸ ಎಂದು ತೀರ್ಪಾಯಿತು. ಕ್ಷೌರದ ವಿಷಯದಲ್ಲಿ ನನ್ನ ಗಂಡ ಶಾಸ್ತ್ರವನ್ನು ಅಕ್ಷರಶಃ ಪಾಲಿಸಿದ. ಐದು ತಿಂಗಳ ಗಡ್ಡದಲ್ಲಿ ಅವನೇ ತಪೋವನದಿಂದ ಎದ್ದು ಬಂದವನ ಹಾಗಿದ್ದ.

ದೀಪಾವಳಿ ಕಳೆದು ಚಳಿ ಬಿದ್ದ ಒಂದು ಶನಿವಾರ ಹೊರಟೆವು. ಲೋಂಡಾ ದಾಟುವವರೆಗೂ ಇಕ್ಕೆಲದಲ್ಲಿ ಕಾಡು ಜೊತೆಗೆ ಬರುತ್ತದೆ. ಆಮೇಲೆ ಮರಗಳು ಒಂದೊಂದಾಗಿ ಹಿಂದೆ ಸರಿದು, ಕೊಯ್ಲಾದ ಗದ್ದೆ, ಕಬ್ಬು, ಹೆಂಚಿನ ಮನೆ ಕಾಣತೊಡಗುತ್ತವೆ. ಹೊಂಡ ಬಂದಾಗಲೆಲ್ಲ ಗಂಡ ಗಾಡಿಯನ್ನು ಎಷ್ಟು ಮೆಲ್ಲಗೆ ಇಳಿಸುತ್ತಿದ್ದನೆಂದರೆ ಹಿಂದಿನ ಲಾರಿಯವನು ನಮ್ಮನ್ನು ದಾಟುತ್ತ ಏನೋ ಅನ್ನಲು ಬಾಯಿ ತೆರೆದವನು ನನ್ನ ಹೊಟ್ಟೆ ನೋಡಿ ಸುಮ್ಮನಾದ. ಖಾನಾಪುರದ ಮಣ್ಣು ಪ್ರಸಿದ್ಧ. ಹೆಂಚು, ಇಟ್ಟಿಗೆ, ಗಡಿಗೆಗಳಿಗೆ ಹೇಳಿ ಮಾಡಿಸಿದ ಜೇಡಿ ಅದು. ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯೇ ಅಲ್ಲಿದೆ. ರಸ್ತೆ ಬದಿ ಒಣಗಲು ಇಟ್ಟ ಹಸಿ ಮಡಕೆಗಳ ವಾಸನೆ ಮೂಗಿಗೆ ಬಡಿದಾಗ ಸುದಕ್ಷಿಣೆ ತಪ್ಪೇನೂ ಮಾಡಿರಲಿಲ್ಲ ಅನ್ನಿಸಿತು. ಗಂಡ ನನ್ನ ಮುಖ ನೋಡಿ, ಏನೂ ಹೇಳದೆ, ವೇಗ ಹೆಚ್ಚಿಸಿದ.

ಹಲಸಿಗೆ ಮೊದಲು ನಂದಗಡ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು ಇದು. ಸಮಾಧಿಯ ಮೇಲೆ ದೊಡ್ಡ ಆಲದ ಮರವಿದೆ. ಮರದ ತುಂಬ ತೊಟ್ಟಿಲು. ಅಂಗೈಯಗಲದ ಕಟ್ಟಿಗೆಯ ತೊಟ್ಟಿಲುಗಳನ್ನು ಮಕ್ಕಳಿಲ್ಲದವರು ಹರಕೆ ಹೊತ್ತು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು. ಮೂವತ್ತು ಮೂವತ್ತೈದರ ಪ್ರಾಯದಲ್ಲಿ, ಕೊರಳಿಗೆ ಹಗ್ಗ ಬಿದ್ದು ಸತ್ತವನ ಸಮಾಧಿ ಇದು. ಅದರ ಮೇಲೆ ಹಗ್ಗ ಕಟ್ಟಿ ಜನ ಹುಟ್ಟನ್ನು ಬೇಡುತ್ತಿದ್ದಾರೆ. ಇದನ್ನು ಯಾವ ಇತಿಹಾಸಕಾರ ಯೋಜಿಸಿದ್ದೂ ಅಲ್ಲ.

ಯೋಚಿಸಿದರೆ ರಾಯಣ್ಣ ಕಾದಿದ ಕಿತ್ತೂರಿನ ಯುದ್ಧವೂ ಒಂದು ಮಗುವಿನ ಸಲುವಾಗಿಯೇ ಆದದ್ದು. ಕಿತ್ತೂರಿನವರು ದತ್ತು ತೆಗೆದುಕೊಂಡ ಮಗುವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಹೊಟ್ಟೆಯಲ್ಲಿ ಹುಟ್ಟದ ಮಗು ಮಗುವೇ ಅಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹಟ ಹಿಡಿದ, 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ. ರಾಣಿ ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡ ಮೇಲೂ ರಾಯಣ್ಣ ಕಾದಿದ್ದು ಅದೇ ಹುಡುಗನನ್ನು ಗಾದಿಗೆ ತರಬೇಕೆಂದು. ಯಾರದೋ ಮಗುವನ್ನು ತಮ್ಮದೆಂದು ಎತ್ತಿಕೊಳ್ಳುವುದಕ್ಕೆ ಒಂದು ನಾಡು ಇಷ್ಟು ಬೆಲೆ ತೆತ್ತಿದೆ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಿಂಗ ಹೆಜ್ಜಿ ಇಟ್ಟೀ ಅಂದ್ರ ಗಂಡಽ" ಎಂದು ಸ್ಕ್ಯಾನಿಂಗ್ ಮುಗಿಸಿದಳು. 1994ರ ಕಾನೂನು ಡಾಕ್ಟರರ ಬಾಯಿ ಕಟ್ಟಿದೆ, ಮುದುಕಿಯರದನ್ನಲ್ಲ. ಹೆಣ್ಣಾದರೆ ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಇದ್ದೇ ಇದ್ದಾರಲ್ಲ, ನನಗೇನು ಕೊರತೆ ಎಂದೆ. ಅವಳು ನಕ್ಕು, ಚೀಲದಿಂದ ಒಂದು ಪೇರಲಹಣ್ಣು ತೆಗೆದು ಕೊಟ್ಟಳು.

ಹಲಸಿ ಬಂತು. ಬಂದದ್ದು ನಮಗೆ ತಿಳಿಯಲಿಲ್ಲ. ರಾಜಧಾನಿ ಎಂದ ಮೇಲೆ ಒಂದು ಹೆಬ್ಬಾಗಿಲು, ಒಂದು ಬಿದ್ದ ಕೋಟೆ, ಕನಿಷ್ಠ ಒಂದು ಟಿಕೆಟ್ ಕೌಂಟರ್ ಇರಬೇಡವೇ? ಮನೆ ಮುಂದೆ ಭತ್ತ ಒಣಹಾಕಿದ್ದರು. ಎಮ್ಮೆಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಕಿರಾಣಿ ಅಂಗಡಿಯವನು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತ ದಾರಿ ಹೇಳಿದ. ತಿರುವಿನಲ್ಲಿ ಭೂವರಾಹ ನರಸಿಂಹನ ಗುಡಿ ಕಂಡಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕದಂಬ ಶಿಖರ. ಚಿತ್ತಾರದ ಹಂಗಿಲ್ಲ, ಅವಸರವಿಲ್ಲ. ಹೊಯ್ಸಳರ ಗುಡಿಯ ಮುಂದೆ ನಿಂತರೆ ಏನೇನು ನೋಡಬೇಕೆಂಬ ಆತಂಕ ಶುರುವಾಗುತ್ತದೆ. ಇಲ್ಲಿ ಆ ಕಾಟವಿಲ್ಲ. ಅಗಲವಾದ ಅಂಗಳ, ತಂಪು ಕಲ್ಲು. ಬಸುರಿಗೆ ಬೇಕಾದದ್ದು ಶಿಲ್ಪಕ್ಕಿಂತ ಮೊದಲು ಕೂರುವ ಜಾಗ. ಕದಂಬರು ಅದನ್ನು ಧಾರಾಳವಾಗಿ ಇಟ್ಟಿದ್ದಾರೆ.

ಒಳಗೆ ಎರಡು ಗರ್ಭಗುಡಿಗಳು ಎದುರುಬದುರು ಕುಳಿತಿವೆ. ಒಂದರಲ್ಲಿ ನರಸಿಂಹ, ನಾರಾಯಣರ ಸನ್ನಿಧಿ. ಇನ್ನೊಂದರಲ್ಲಿ ಭೂವರಾಹ. ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ಕಾಲದ ಶಾಸನ ಇಲ್ಲಿದೆ; ಅದರಲ್ಲಿ ಕಾಲ ಎಣಿಸಿರುವುದು ಕಲಿಯುಗದಿಂದ, 4270ನೆಯ ವರ್ಷ ಎಂದು. ನಮ್ಮ ಲೆಕ್ಕಕ್ಕೆ ತಂದರೆ ಅದು 1169ರ ಸುಮಾರು. ಹುಟ್ಟುವ ತಾರೀಖನ್ನು ವಾರಗಳಲ್ಲಿ ಎಣಿಸುತ್ತಿದ್ದ ನನಗೆ ಯುಗದಿಂದ ಎಣಿಸುವವರ ನೆಮ್ಮದಿ ಕಂಡು ಹೊಟ್ಟೆಕಿಚ್ಚಾಯಿತು. ವರಾಹ ಭೂದೇವಿಯನ್ನು ಎತ್ತಿ ನಿಂತಿದ್ದಾನೆ. ಪೂಜಾರಿ ಅದರ ಮಹಿಮೆ ಹೇಳುತ್ತಿದ್ದರು, ನಾನು ಸೊಂಟಕ್ಕೆ ಕೈಕೊಟ್ಟು ಕೇಳುತ್ತಿದ್ದೆ. ಗಂಡಸು ಹೊತ್ತರೆ ಅವತಾರವಾಗುತ್ತದೆ, ಹೆಂಗಸು ಹೊತ್ತರೆ ಬರೇ ಬಸಿರು. ಇದನ್ನು ಗಂಡನ ಕಿವಿಯಲ್ಲಿ ಹೇಳಿದೆ. ಅವನು ಗಂಭೀರವಾಗಿ ನನ್ನ ಕೈಚೀಲ, ನೀರಿನ ಬಾಟಲಿ, ಶಾಲು, ಚಪ್ಪಲಿ ಎಲ್ಲವನ್ನೂ ಇಸಿದುಕೊಂಡು ಹೊತ್ತ.

ಹಲಸಿಯ ನಿಜವಾದ ಸಂಪತ್ತು ಹಲಸಿಯಲ್ಲಿ ಕಾಣುವುದಿಲ್ಲ. ಊರ ಹೊರಗೆ ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಬಾವಿ. ಅದರ ಹತ್ತಿರದ ಮಣ್ಣಿನ ದಿಬ್ಬದಲ್ಲಿ ಹಿಂದೊಮ್ಮೆ ಬನವಾಸಿ ಕದಂಬರ ತಾಮ್ರಪಟಗಳು ಸಿಕ್ಕವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬ ಅವನ್ನು ಓದಿ ಅಚ್ಚು ಹಾಕಿಸಿದ. ನನ್ನ ಕಾಲೇಜಿನ ದಿನಗಳಲ್ಲಿ ಅವು ಪರೀಕ್ಷೆಗೆ ಬರುವ ಪ್ರಶ್ನೆಗಳಾಗಿದ್ದವು. ಅಂದು ಗುಡಿಯ ಕಟ್ಟೆಯ ಮೇಲೆ ಪೇರಲಹಣ್ಣು ಕಚ್ಚುತ್ತ ಗಂಡನಿಗೆ ಹೇಳುತ್ತ ಹೋದಂತೆ ಅವು ಮನೆತನದ ಸುದ್ದಿಗಳಾದವು. ಮೃಗೇಶವರ್ಮ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು ತೀರಿಹೋದ ಅಪ್ಪನ ಮೇಲಿನ ಭಕ್ತಿಯಿಂದ. ಅದಕ್ಕೆ ಮಾತೃಸರಿತ್ ಎಂಬ ಹೊಳೆಯಿಂದ ಇಂಗಿಣಿ ಸಂಗಮದವರೆಗಿನ 33 ನಿವರ್ತನ ಭೂಮಿ ಬಿಟ್ಟ. ಅವನ ಮಗ ರವಿವರ್ಮ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನ ಜಿನೇಂದ್ರನ ಹಬ್ಬ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ಹಾಕಬೇಕೆಂದೂ ಕಟ್ಟು ಮಾಡಿದ. ಈ ಸೀಮೆಯ ಮಳೆ ಕಂಡವರಿಗೆ ಆ ನಾಲ್ಕು ತಿಂಗಳು ಅಂದರೆ ಏನೆಂದು ಗೊತ್ತು. ಸಂಗಮ ಎಂದೊಡನೆ ಗಂಡ ಕಿವಿ ನೆಟ್ಟಗೆ ಮಾಡಿದ. "ಅದು ಮುಳುಗಿಲ್ಲಲಾ?" ಎಂದು ಕೇಳಿದ.

ರವಿವರ್ಮನ ಇನ್ನೊಂದು ಪಟದಲ್ಲಿ ಒಂದು ಜಮೀನಿನ ಕತೆಯಿದೆ. ಕಾಕುಸ್ಥವರ್ಮ ಖೇಟ ಎಂಬ ಹಳ್ಳಿಯಲ್ಲಿ ಶ್ರುತಕೀರ್ತಿ ಎಂಬ ಸೇನಾಪತಿಗೆ ಭೂಮಿ ಕೊಟ್ಟ. ಶ್ರುತಕೀರ್ತಿ ಸತ್ತ ಮೇಲೆ ಮುಂದಿನ ಅರಸನೊಬ್ಬ ಅದನ್ನು ದಾಮಕೀರ್ತಿಯ ತಾಯಿಗೆ ಕೊಟ್ಟ. ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ. ಹೀಗೆ ಸಾಗುತ್ತದೆ. ಅರಸರ ಹೆಸರಿದೆ, ಸೇನಾಪತಿಯ ಹೆಸರಿದೆ, ಮಗನ ಹೆಸರಿದೆ, ಮೊಮ್ಮಗನದೂ ಇದೆ. ಜಮೀನು ಪಡೆದ ಹೆಂಗಸು ಮಾತ್ರ ದಾಮಕೀರ್ತಿಯ ತಾಯಿ, ಅಷ್ಟೆ. ಒಂದೂವರೆ ಸಾವಿರ ವರ್ಷವಾದರೂ ಅವಳಿಗೆ ಇನ್ನೊಂದು ಹೆಸರು ಸಿಕ್ಕಿಲ್ಲ. ನಮ್ಮ ಕಡೆಯೂ ಹಾಗೇ ಅಲ್ಲವೇ? ತೊಟ್ಟಿಲಿಗೆ ಹಾಕಿದ ಮರುದಿನದಿಂದ ಓಣಿಯಲ್ಲಿ ನಾನು ಇಂಥವನ ಅವ್ವ, ಇಂಥವಳ ಅವ್ವ. ನನ್ನ ಅತ್ತೆಯ ಹೆಸರು ರೇಷನ್ ಕಾರ್ಡಿನಲ್ಲಿ ನೋಡುವವರೆಗೂ ನನಗೆ ಗೊತ್ತಿರಲಿಲ್ಲ. ಆ ತಾಯಿಗೆ ಇದು ದುಃಖ ತಂದಿತ್ತೇ, ಹೆಮ್ಮೆ ತಂದಿತ್ತೇ ಹೇಳಲಾರೆ. ಭೂಮಿ ಅವಳ ಕೈಯಲ್ಲಿತ್ತು ಎಂಬುದಷ್ಟೇ ಸಮಾಧಾನ.

ಅಂಗಳಕ್ಕೆ ಶಾಲೆ ಬಿಟ್ಟ ಮಕ್ಕಳು ನುಗ್ಗಿದವು. ಚೀಲಗಳನ್ನು ಮಂಟಪದ ಕಂಬಕ್ಕೆ ಒರಗಿಸಿ ಆಟಕ್ಕೆ ಬಿದ್ದವು. ಅವುಗಳಿಗೆ ಅದು ಸ್ಮಾರಕವಲ್ಲ, ಬಿಸಿಲಿಲ್ಲದ ಜಾಗ. ಸುವರ್ಣೇಶ್ವರ, ಕಲ್ಮೇಶ್ವರ, ಹಾಟಕೇಶ್ವರ ಎಂದು ಊರಲ್ಲಿ ಇನ್ನೂ ಗುಡಿಗಳಿವೆ. ಯಾವುದು ಎಲ್ಲಿ ಎಂದು ಅವೇ ಮುಂದೆ ಓಡಿ ತೋರಿಸಿದವು. ಅವುಗಳ ಹಿಂದೆ ನಿಧಾನ ಹೆಜ್ಜೆ ಇಡುತ್ತಿದ್ದಾಗ ನನ್ನ ಬಯಕೆಗೆ ಉತ್ತರ ಹೊಳೆಯಿತು. ಊರು ಹಳೆಯದಾಗುವುದು ಕಲ್ಲಿನಿಂದ ಎಂದು ನಾನು ತಿಳಿದಿದ್ದೆ. ಕಲ್ಲು ಅರಸರದು. ಅವರು ಹೋದರು, ಅವರ ಬಿರುದು ಬಸ್ಸಿನ ಮೇಲೆ ಉಳಿಯಿತು. ಊರು ಉಳಿದದ್ದು, ಅರಸರಿದ್ದಾಗಲೂ ಹೋದಾಗಲೂ ಪ್ರತಿ ವರ್ಷ ಯಾರೋ ಇಲ್ಲಿ ಬಸುರಾಗಿ, ಬಾಣಂತಿಯಾಗಿ, ಮಗುವನ್ನು ಅಂಗಳಕ್ಕೆ ಬಿಟ್ಟಿದ್ದರಿಂದ. ರಾಜಧಾನಿಯ ಪಟ್ಟ ಹೋದದ್ದು ಹಲಸಿಗೆ ತಿಳಿಯಿತೋ ಇಲ್ಲವೋ. ಭತ್ತ ಒಣಗಿಸುವುದನ್ನಂತೂ ಅದು ನಿಲ್ಲಿಸಿರಲಿಕ್ಕಿಲ್ಲ. ಈ ಲೆಕ್ಕದಲ್ಲಿ ರಾಮನಗರ ಬಡ ಊರೇನಲ್ಲ, ಎಳೆಯ ಊರು. ಅದಕ್ಕೂ ವಯಸ್ಸಾಗುತ್ತದೆ, ನಾವು ಕೂಡಿಸುತ್ತ ಹೋಗಬೇಕು.

ರಾತ್ರಿ ಬೆಳಗಾವಿಯಲ್ಲಿ ಉಳಿದೆವು. ಕುಂದಾ ತಿಂದೆವು, ಇಬ್ಬರ ಪಾಲು ನನ್ನದೆಂದು ನಾನು ಇಬ್ಬರ ಪಾಲೂ ತಿಂದೆ. ಮರುದಿನ ಕೋಟೆಯೊಳಗಿನ ಕಮಲ ಬಸದಿಯ ಚಾವಣಿಯಲ್ಲಿ ತಲೆಕೆಳಗಾಗಿ ಅರಳಿದ ಕಲ್ಲಿನ ತಾವರೆಯನ್ನು ಕತ್ತು ನೋಯುವವರೆಗೆ ನೋಡಿದೆವು. ಇನ್ನು ಇಂಥ ಪುರುಸೊತ್ತು ಯಾವಾಗಲೋ ಎಂದು ಗಂಡ ಅಂದ. ಆ ಮಾತಿನಲ್ಲಿ ಸುಖವೂ ಇತ್ತು, ಸಣ್ಣ ಹೆದರಿಕೆಯೂ ಇತ್ತು.

ಮನೆಗೆ ಬಂದು ನನ್ನ ಹೊಸ ಸಿದ್ಧಾಂತವನ್ನು ಅತ್ತೆಗೆ ವಿವರಿಸಿದೆ. ಊರಿಗೆ ವಯಸ್ಸು ಕೂಡಿಸುವ ಮಾತು ಅವರಿಗೆ ಹಿಡಿಸಿತು. ಅಷ್ಟರಲ್ಲಿ ಧಾರವಾಡದಿಂದ ಅವ್ವನ ಫೋನ್ ಬಂತು. ಕುಬಸದ ದಿನ ಯಾವುದು, ಚೊಚ್ಚಲ ಹೆರಿಗೆಗೆ ಯಾವಾಗ ಕರೆದೊಯ್ಯಬೇಕು, ಬಾಣಂತಿಕೋಣೆಗೆ ಸುಣ್ಣ ಹಚ್ಚಿಸಿಯಾಗಿದೆ. ಆಗ ಎಲ್ಲರಿಗೂ ಹೊಳೆಯಿತು: ರಾಮನಗರದ ಇತಿಹಾಸಕ್ಕೆ ಸೇರಬೇಕಾದ ಮಗು ಪದ್ಧತಿಯ ಪ್ರಕಾರ ಧಾರವಾಡದಲ್ಲಿ ಹುಟ್ಟುತ್ತದೆ! ಎರಡು ಮನೆತನಗಳ ನಡುವೆ ಎರಡು ವಾರ ಸಂಧಾನ ನಡೆಯಿತು. ಊರು ಬಿಟ್ಟು ಊರು ಕಟ್ಟಿದ ಅನುಭವವಿದ್ದ ಅತ್ತೆಯೇ ಕೊನೆಗೆ ಒಪ್ಪಂದ ಮುಂದಿಟ್ಟರು: "ಹೆರಿಗಿ ಎಲ್ಲೇ ಆಗ್ಲಿ, ತೊಟ್ಟಿಲಾನೂ ಅಲ್ಲೇ ಆಗ್ಲಿ. ಸಾಲಿಗೆ ಹೆಸರು ಇಲ್ಲೇ ಹಚ್ಚಬೇಕು." ಅವ್ವ ಒಪ್ಪಿದಳು. ನಾನೂ ಒಪ್ಪಿದೆ. ತಾಮ್ರಪಟಕ್ಕಿಂತ ಸಾಲಿಯ ದಾಖಲಾತಿ ಅರ್ಜಿ ನನಗೆ ಇಷ್ಟ; ಅದರಲ್ಲಿ ಈಗ ತಾಯಿಯ ಹೆಸರು ಬರೆಯಲಿಕ್ಕೂ ಒಂದು ಸಾಲು ಬಿಟ್ಟಿರುತ್ತಾರೆ.